ಕಿವಿಗೆ ಹತ್ತಿ, ಮಂಡಿಗೆ ದಿಂಬು

ಹಳೇಕೋಟೆಯ ತಿಮ್ಮಪ್ಪ ಡ್ರೈವರ್, ನಾನು ರಂಗಸ್ವಾಮಿ, ಕಂಡಕ್ಟರ್. ಹೊಳೆನರಸೀಪುರದಿಂದ ಅರಕಲಗೂಡು, ಅಲ್ಲಿಂದ ರಾಮನಾಥಪುರ; ಆರು ವರ್ಷ ಒಂದೇ ಗಾಡಿ. ಅವನಷ್ಟು ಮೊಂಡನನ್ನು ನಾನು ಕಂಡಿಲ್ಲ. ೧೯೯೪ರಲ್ಲಿ ಚನ್ನರಾಯಪಟ್ಟಣದ ಕಬಡ್ಡಿ ಪಂದ್ಯದಲ್ಲಿ ಎಡಮಂಡಿ ತಿರುಚಿಕೊಂಡವನು, ಪಟ್ಟಿ ಕಟ್ಟಿಸಿಕೊಂಡು ಸೆಮಿಫೈನಲ್ಲನ್ನೂ ಆಡಿಯೇ ಬಂದಿದ್ದನಂತೆ. ಆಮೇಲೆ ಹತ್ತು ವರ್ಷ ಆ ಮಂಡಿ ಆಗಾಗ ಜಾರುತ್ತಿತ್ತು. ಕೇಳಿದರೆ, "ಏನೂ ಇಲ್ಲ, ಸುಮ್ಕಿರು ರಂಗಣ್ಣ" ಎನ್ನುತ್ತಿದ್ದ.

೨೦೦೪ರ ಒಂದು ಬೆಳಿಗ್ಗೆ ಅರಕಲಗೂಡು ಬಸ್‌ಸ್ಟ್ಯಾಂಡಿಗೆ ತಿರುಗುವಾಗ, ಕ್ಲಚ್ ಮೇಲಿದ್ದ ಎಡಗಾಲಿನ ಮಂಡಿ ಸಿಕ್ಕಿಕೊಂಡು ಕಾಲು ಮೇಲೇಳಲಿಲ್ಲ. ಹೇಗೋ ಬ್ರೇಕ್ ಒತ್ತಿ ನಿಲ್ಲಿಸಿದ. ಜನ ಬೈದರು. ಹಾಸನದಲ್ಲಿ ಆಪರೇಷನ್ ಆಯಿತು. "ಮೂರು ತಿಂಗಳಿಗೆ ಡ್ಯೂಟಿಗೆ ಹೋಗಬಹುದು. ಆದರೆ ಮಂಡಿ ದಿನಾ ಮಡಚಬೇಕು, ಇಲ್ಲದಿದ್ದರೆ ಬಿಗಿದುಕೊಳ್ಳುತ್ತೆ" ಎಂದು ಡಾಕ್ಟರು ಒತ್ತಿ ಹೇಳಿದರು. ಮಂಡಿ ಮಡಚದವನು ಕ್ಲಚ್ ಒತ್ತುವುದುಂಟೇ? ಡಿಪೋ ಗೇಟಿನಲ್ಲಿ ಕೂತು ಗಾಡಿ ನಂಬರು ಬರೆಯುವುದೇ ಗತಿ. ಅದನ್ನು ನೆನೆದರೆ ತಿಮ್ಮಪ್ಪನಿಗೆ ಅನ್ನ ಇಳಿಯುತ್ತಿರಲಿಲ್ಲ.

ಹೆಂಡತಿ ರೂಪಶ್ರೀ ಚೊಚ್ಚಲ ಹೆರಿಗೆಗೆಂದು ಶಾಂತಿಗ್ರಾಮದ ತವರಿಗೆ ಹೋಗಿದ್ದಳು. ಮನೆಯಲ್ಲಿ ಅವನ ತಾಯಿ ಸುಬ್ಬಮ್ಮ ಒಬ್ಬಳೇ. ಸೊಸೆಯ ಬಾಣಂತನ ಬೀಗಿತ್ತಿಯ ಪಾಲಾಯಿತಲ್ಲ, ಆ ಆಸೆಯನ್ನೆಲ್ಲ ಈ ಮುದುಕಿ ಮಗನ ಮೇಲೆ ತೀರಿಸಿಕೊಂಡಳು. "ಕುಯ್ದವ್ರೆ, ಅಸಿ ಮೈ ಕಣಪ್ಪ. ಅಲ್ಲಾಡ್ಕೂಡ್ದು" ಎಂದು ಅವನ ಕಿವಿಗೆ ಹತ್ತಿ ಇಟ್ಟಳು, ತಲೆಗೆ ಬಟ್ಟೆ ಕಟ್ಟಿದಳು, ಎರಡು ಹೊತ್ತೂ ಮೆಣಸಿನ ಸಾರು ಬಡಿಸಿದಳು. ಕಾಲು ನೆಟ್ಟಗೆ ದಿಂಬಿನ ಮೇಲೆ. ಆರಡಿ ಆಳು ಬಾಣಂತಿಯ ಹಾಗೆ ಮಲಗಿದ್ದನ್ನು ಕಂಡು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ರಾಮನಾಥಪುರದಿಂದ ತುಪ್ಪ ತಂದುಕೊಟ್ಟವನೂ ನಾನೇ, ಅವನ ಕಾಲೆತ್ತಿ ದಿಂಬಿನ ಮೇಲಿಟ್ಟವನೂ ನಾನೇ.

"ಮಡಚಿದ್ಯೇನ್ಲಾ?" ಎಂದರೆ, "ಅವ್ವ ಬುಡಾಕಿಲ್ಲ" ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ ಅವನಿಗೂ ನೋವಿನ ಭಯ. ಅವ್ವನ ಸೆರಗು ಸಿಕ್ಕಿತ್ತು, ಅಡಗಿಕೊಂಡ.

ಆರನೇ ವಾರ ಹಾಸನಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಎಷ್ಟು ಒತ್ತಿದರೂ ಮಂಡಿ ಮೂವತ್ತು ಡಿಗ್ರಿಯಾಚೆ ಬಾಗಲಿಲ್ಲ.

"ಇನ್ನು ಮೂರು ವಾರದಲ್ಲಿ ತೊಂಬತ್ತು ಬರಬೇಕು. ಬರದಿದ್ದರೆ ಪ್ರಜ್ಞೆ ತಪ್ಪಿಸಿ ಬಗ್ಗಿಸಬೇಕಾಗುತ್ತೆ. ಆಗಲೂ ಬಸ್ಸು ಓಡಿಸ್ತಾನೆ ಅಂತ ನಾನು ಹೇಳಲಾರೆ" ಎಂದ ಅವರು, ಹೇಗೆ ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂದು ನನಗೆ ತೋರಿಸಿಕೊಟ್ಟರು.

ಮನೆಗೆ ಬಂದವನೇ ನಾನು ಸಿಟ್ಟಿನಲ್ಲಿ, "ನಿನ್ ಬಾಣಂತನದಿಂದ ಇವ್ನ ಕೆಲ್ಸ ಓಯ್ತದೆ ಕಣವ್ವ" ಎಂದುಬಿಟ್ಟೆ. ಸುಬ್ಬಮ್ಮ ಮಗನ ಕಿವಿಯಿಂದ ಹತ್ತಿ ತೆಗೆದಳು.

"ಎಂಗೆ ಒತ್ಬೇಕು, ತೋರ್ಸಪ್ಪ" ಎಂದಳು.

ನನಗೆ ಡ್ಯೂಟಿ ಇತ್ತು. ಒತ್ತುವ ಕೆಲಸ ಅವಳದೇ ಆಯಿತು. ಒಂದು ಸಂಜೆ ಹೋದವನು ಬಾಗಿಲಲ್ಲೇ ನಿಂತೆ. ಮಂಚದಂಚಿನಿಂದ ಕಾಲು ಇಳಿಬಿಟ್ಟು ಕೂತಿದ್ದ ತಿಮ್ಮಪ್ಪ, "ಸಾಕು ಕಣವ್ವ, ದಮ್ಮಯ್ಯ" ಎಂದು ಅಳುತ್ತಿದ್ದ. ಅವನ ಕಾಲು ಹಿಡಿದು ಒತ್ತುತ್ತಿದ್ದ ಸುಬ್ಬಮ್ಮ ಮುಖ ಗೋಡೆ ಕಡೆ ತಿರುಗಿಸಿಕೊಂಡು ಒಂದು, ಎರಡು ಎಂದು ಎಣಿಸುತ್ತಿದ್ದಳು. ಎಂಟಕ್ಕೆ ಅವಳ ದನಿ ನಡುಗಿತು. ಹತ್ತರವರೆಗೂ ಕೈ ಸಡಿಲಿಸಲಿಲ್ಲ. ಒಳಗೆ ಹೋಗಲು ನನಗೆ ಧೈರ್ಯ ಬರಲಿಲ್ಲ, ಹಾಗೇ ವಾಪಸು ಬಂದೆ.

ಮೂರು ವಾರ ಕಳೆದು ಹಾಸನಕ್ಕೆ ಹೊರಟಾಗ ಅವಳೂ ಜೊತೆಗೆ ಬಂದಳು. ತೊಂಬತ್ತು ಬಂದಿದೆಯೋ ಇಲ್ಲವೋ, ನಮ್ಮಲ್ಲಿ ಯಾರಿಗೆ ಗೊತ್ತು? ಬಸ್ಸಿನಲ್ಲಿ ತಿಮ್ಮಪ್ಪ, ಗಾಡಿ ಓಡಿಸುತ್ತಿದ್ದವನ ಎಡಗಾಲನ್ನೇ ನೋಡುತ್ತಾ ಕೂತಿದ್ದ.

ಡಾಕ್ಟರು ಎರಡು ಸಲ ಅಳೆದರು. "ತೊಂಬತ್ನಾಲ್ಕು" ಎಂದರು. ತಿಮ್ಮಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ.

"ಯಾರಪ್ಪ ಇದನ್ನ ಒತ್ತಿದ್ದು?" ಎಂದು ಡಾಕ್ಟರು ಕೇಳಿದರು.

ಆ ಲೆಕ್ಕ ಏನೆಂದು ತಿಳಿಯದೆ, ಅಳುತ್ತಿದ್ದ ಮಗನನ್ನೇ ನೋಡುತ್ತಾ ನಿಂತಿದ್ದ ಸುಬ್ಬಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಾನೇ ಸಾ. ಬ್ಯಾಡ ಬ್ಯಾಡ ಅಂತ ಅಳ್ತಿದ್ದ, ನಾನು ಬುಡ್ನಿಲ್ಲ. ಮುರ್ದೋಯ್ತಾ?"