ಓದಿ ಹೇಳಬೇಡಿ ಮಾವ

ಗಗನ ನಮ್ಮ ಮಂಡಕಳ್ಳಿಯ ಹುಡುಗಿ. ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಡಿಗ್ರಿ ಮುಗಿಸಿದ್ದಾಳೆ. ಬ್ಯಾಂಕ್ ಪರೀಕ್ಷೆ ಪಾಸು ಮಾಡಲೇಬೇಕೆಂಬ ಹಟ ಅವಳದು. ನಾನು ಆಟೊ ಓಡಿಸುವವನು, ಪಕ್ಕದ ಮನೆಯವನು. ನನ್ನನ್ನು ಮಾವ ಅನ್ನುತ್ತಾಳೆ. ಅವಳ ಮೊಬೈಲು ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುತ್ತದೆ. ಆ ವೇಗ ನನ್ನ ಕಿವಿಗೆ ಹಿಡಿಯುವುದಿಲ್ಲ, ಅವಳಿಗೆ ಸಾಲುವುದಿಲ್ಲ.

ಸರಸ್ವತಿಪುರಂನಲ್ಲಿ ವಾಗೀಶ ಮೇಷ್ಟ್ರ ಟ್ಯುಟೋರಿಯಲ್ ಇದೆ. ವರ್ಷಕ್ಕೊಮ್ಮೆ ಅವರ ವೆಬ್‌ಸೈಟಿನಲ್ಲಿ ಪರೀಕ್ಷೆ. ಮುಂದೆ ಬಂದ ಕೆಲವರಿಗೆ ಫೀಸಿಲ್ಲದೆ ಪಾಠ. ಗಗನಳ ತಾಯಿ ಪುಟ್ಟತಾಯಮ್ಮ ಹೂ ಕಟ್ಟಿ ಮನೆ ನಡೆಸುವವರು. ಆ ಸೀಟು ಸಿಕ್ಕದಿದ್ದರೆ ಹುಡುಗಿಗೆ ಪಾಠವೇ ಇಲ್ಲ.

ಮಾದರಿ ಪರೀಕ್ಷೆ ತೆರೆದರೆ ಮೊಬೈಲು "ಚಿತ್ರ. ಬಟನ್. ಬಟನ್. ಬಟನ್" ಎಂದಿತು. ಪ್ರಶ್ನೆಗಳನ್ನು ಫೋಟೊ ಹೊಡೆದು ಹಾಕಿದ್ದರು. ಉತ್ತರದ ಬಟನ್‌ಗಳಿಗೆ ಹೆಸರೇ ಇರಲಿಲ್ಲ.

ಮಾರನೆಯ ದಿನ ಕರೆದುಕೊಂಡು ಹೋದೆ. ಮೇಷ್ಟ್ರು ಒಳ್ಳೆಯವರೇ. ತಾವೇ ಕುರ್ಚಿ ಎಳೆದು ಕೂರಿಸಿದರು.

"ಅದಕ್ಯಾಕಮ್ಮ ಯೋಚ್ನೆ? ಯಾರನ್ನಾದ್ರೂ ಪಕ್ಕದಲ್ಲಿ ಕೂರಿಸ್ಕೊ. ಅವ್ರು ಓದ್ಲಿ, ನೀನು ಹೇಳು, ಅವ್ರೇ ಒತ್ತಲಿ."

"ಯಾರನ್ನ ಸರ್? ಅವ್ವಂಗೆ ಓದಕ್ಕೆ ಬರಲ್ಲ. ಮಾವ ನಾಲ್ಕನೇ ಕ್ಲಾಸಿಗೇ ಬುಟ್ಬುಟ್ರು."

"ಬಸ್ ಬೋರ್ಡ್ ಓದ್ತೀನಿ ಕಣಮ್ಮ," ಅಂದೆ.

"ಬಸ್ಸಿನ್ ಮೇಲೆ ಪ್ರಶ್ನೆ ಬಂದ್ರೆ ಕರೀತೀನಿ, ಸುಮ್ನಿರಿ ಮಾವ." ಮತ್ತೆ ಮೇಷ್ಟ್ರ ಕಡೆ ತಿರುಗಿದಳು. "ನನ್ ಪರೀಕ್ಷೆ ನಾನೇ ಬರೀಬೇಕು ಸರ್. ಅಂಗವಿಕಲರ ಹಕ್ಕುಗಳ ಕಾಯ್ದೆ ಐತೆ. ವೆಬ್‌ಸೈಟು ನಮ್ಗೂ ಓದಕ್ಕಾಗಂಗೆ ಇರ್ಬೇಕು. ಸರ್ಕಾರದೋರ್ದು ಮಾತ್ರ ಅಲ್ಲ, ನಿಮ್ಮಂಥೋರ್ದೂ."

"ಕೇಸ್ ಹಾಕ್ತೀಯೇನಮ್ಮ?"

"ನಂಗೆ ಬೇಕಿರೋದು ಪಾಠ ಸರ್, ಕೇಸಲ್ಲ. ಆದ್ರೆ ಎಲ್ಲಿಗೆ ದೂರು ಕೊಡ್ಬೇಕು ಅಂತ ಗೊತ್ತು."

ಮೇಷ್ಟ್ರು ನಕ್ಕರು. ಸರಿ ಮಾಡಿಸುವುದಾಗಿ ಹೇಳಿದರು. ಪರೀಕ್ಷೆಗೆ ಎರಡು ದಿನವಿರುವಾಗ ಅವರೇ ಫೋನ್ ಮಾಡಿ, ಎಲ್ಲವನ್ನೂ ಅಕ್ಷರದಲ್ಲೇ ಹಾಕಿಸಿದ್ದೇನೆ ಎಂದರು.

ಗಗನ ಮಾದರಿ ಪರೀಕ್ಷೆ ತೆರೆದಳು. ಮೊಬೈಲು ಪಿ, ಎ, ಪೌಂಡ್, ಕ್ಯು ಎಂದು ಏನೇನೋ ಒದರಿತು. ಬಗ್ಗಿ ನೋಡಿದೆ. ಅಚ್ಚುಕಟ್ಟಾದ ಕನ್ನಡವೇ ಇತ್ತು.

"ಸರಿಯಾಗೇ ಐತಲ್ಲಮ್ಮ."

"ನಿಮ್ ಕಣ್ಣಿಗೆ ಸರಿಯಾಗೈತೆ. ನಡೀರಿ."

ಮತ್ತೆ ಹೋದೆವು. ಮೇಷ್ಟ್ರಿಗೆ ಬೇಸರವಾಯಿತು. "ಅಷ್ಟೂ ಪ್ರಶ್ನೆ ನಾನೇ ಕೂತು ಟೈಪ್ ಮಾಡಿರೋದು ಕಣಮ್ಮ. ಒಂದು ಒತ್ತಕ್ಷರ ತಪ್ಪಿಲ್ಲ."

"ಒಂದ್ಸಲ ಕಣ್ಮುಚ್ಕೊಳಿ ಸರ್."

ಮುಚ್ಚಿಕೊಂಡರು. ಅವಳು ಮೊಬೈಲನ್ನು ಅವರ ಕಿವಿಯ ಹತ್ತಿರ ಹಿಡಿದಳು. ಅರ್ಧ ಪ್ರಶ್ನೆಗೇ ಕಣ್ಣು ಬಿಟ್ಟರು. ಅವರು ಟೈಪ್ ಮಾಡುತ್ತಿದ್ದುದು ಹಳೆಯ ಡಿಟಿಪಿ ಫಾಂಟಿನಲ್ಲಿ. ನೋಡುವುದಕ್ಕೆ ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಗುರುತುಗಳು. ಯುನಿಕೋಡಿನಲ್ಲಿದ್ದರೆ ಮಾತ್ರ ಮೊಬೈಲಿಗೆ ಅದು ಕನ್ನಡ. ಇದನ್ನು ಗಗನಳೇ ನಮಗೆ ಬಿಡಿಸಿ ಹೇಳಿದಳು.

"ನಾಡಿದ್ದೇ ಪರೀಕ್ಷೆ. ಅಷ್ಟರಲ್ಲಿ ಆಗಲ್ಲ," ಎಂದರು ಮೇಷ್ಟ್ರು. "ನಿನಗೊಬ್ಬಳಿಗೆ ನಾನೇ ಬಾಯಲ್ಲಿ ಕೇಳ್ಬಿಡ್ತೀನಿ."

"ಬ್ಯಾಡ ಸರ್. ಸೀಟು ಸಿಕ್ರೆ ಪಾಪ ಅಂತ ಕೊಟ್ರು ಅಂತಾರೆ. ಎಲ್ರೂ ಬರಿಯೋವಾಗ್ಲೇ ಬರೀತೀನಿ."

ಗಗನ ಏಳಲಿಲ್ಲ. ಕೊನೆಗೆ ಮೇಷ್ಟ್ರು ಫೋನ್ ಎತ್ತಿಕೊಂಡು, ಪರೀಕ್ಷೆ ಎಲ್ಲರಿಗೂ ಒಂದು ವಾರ ಮುಂದಕ್ಕೆ ಹೋಗಿದೆ ಎಂದು ಆಫೀಸಿನವರಿಗೆ ಹೇಳಿದರು. ಅಂದೇ ಹೊಸದಾಗಿ ಟೈಪ್ ಮಾಡಲು ಕುಳಿತರು.

ಪರೀಕ್ಷೆಯ ದಿನ ಗಗನ ತಮ್ಮ ಮನೆಯ ಜಗಲಿಯಲ್ಲಿ ಕುಳಿತು ಬರೆದಳು. ಪುಟ್ಟತಾಯಮ್ಮ ಕೋಳಿಗಳನ್ನು ಹಿತ್ತಲಿಗೆ ಅಟ್ಟಿದರು. ನಾನು ಬೀದಿಯಲ್ಲಿ ಯಾರಿಗೂ ಹಾರ್ನ್ ಹೊಡೆಯಲು ಬಿಡಲಿಲ್ಲ. "ಸಲ್ಲಿಸಿ, ಬಟನ್" ಎಂದಿತು ಮೊಬೈಲು. ಒತ್ತಿದಳು.

ಫಲಿತಾಂಶದ ದಿನ ಮೂವರೂ ಜಗಲಿಯಲ್ಲಿದ್ದೆವು. ಗಗನ ವೆಬ್‌ಸೈಟ್ ತೆರೆದಳು.

"ಚಿತ್ರ," ಎಂದಿತು ಮೊಬೈಲು.

ನೋಟಿಸ್ ಬೋರ್ಡಿಗೆ ಅಂಟಿಸಿದ್ದ ಹಾಳೆಯನ್ನು ಫೋಟೊ ಹೊಡೆದು ಹಾಕಿದ್ದರು. ನಾನು ಬಗ್ಗಿದೆ. ಮೇಲಿನಿಂದ ಮೂರನೆಯ ಸಾಲಿನಲ್ಲಿ ಅವಳ ಹೆಸರು. ಬಾಯಿ ತೆರೆದೆ.

"ಓದಿ ಹೇಳ್ಬೇಡಿ ಮಾವ. ಆಟೊ ತೆಗೀರಿ. ಅಕ್ಷರದಲ್ಲಿ ಹಾಕಿಸ್ಕೊಂಡು ನಾನೇ ಓದ್ತೀನಿ."

ಪುಟ್ಟತಾಯಮ್ಮ ನನ್ನ ಮುಖದ ನಗು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸರಸ್ವತಿಪುರಂ ಸೇರುವವರೆಗೂ ನಾನು ತುಟಿ ಬಿಚ್ಚಲಿಲ್ಲ.