ಮೇಟಿಕಂಬದ ಪಕ್ಕದ ಎತ್ತು

ಗುರುಗ್ರಹದತ್ತ ಹೊರಟ ನೌಕೆ ತೆಗೆದ ಚಿತ್ರಗಳನ್ನು ನನ್ನ ಶಾಲೆಯ ಮಕ್ಕಳಿಗೆಂದು ಲ್ಯಾಪ್‌ಟಾಪಿನಲ್ಲಿ ಜೋಡಿಸುತ್ತಿದ್ದೆ. ಎಷ್ಟು ಜೋಡಿಸಿದರೂ ಆ ಗ್ರಹದ ನಾಲ್ಕು ದೊಡ್ಡ ಚಂದ್ರರು ಒಂದೇ ಗೆರೆಯಲ್ಲಿ ಅತ್ತಿತ್ತ ಸರಿಯುವ ಚುಕ್ಕೆಗಳು. ಅವು ಸುತ್ತುತ್ತಿವೆ ಎಂದು ತೋರಿಸುವುದು ಹೇಗೆ? ನನಗೆ ತಲೆ ಕೆಟ್ಟುಹೋಯಿತು.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಇಣುಕಿದರು. "ಕಣದಲ್ಲಿ ರಾಗಿ ತುಳಿಸೋವಾಗ ದೂರದಿಂದ ಸುತ್ತೋ ಎತ್ತುಗಳು ಹಿಂಗೇ ಕಾಣ್ತಿದ್ವು ಕಣವ್ವಾ. ಮುದಿ ಎತ್ತನ್ನ ನಡುವಿನ ಮೇಟಿಕಂಬದ ಪಕ್ಕ ಕಟ್ತಿದ್ವಿ. ಒಳಗಿದ್ರೆ ನಡಿಗೆ ಕಮ್ಮಿ."

ಖುಷಿಯಿಂದ ಅವರ ಮೊರದಲ್ಲೇ ಅವರೆಕಾಳಿನ ನಾಲ್ಕು ಸುತ್ತು ಜೋಡಿಸಿದೆ. "ಇಲ್ಲಿ ಮಾತ್ರ ಉಲ್ಟಾ ಅತ್ತೆ, ತೀರಾ ಒಳಗಿರೋದೇ ಎಲ್ಲಕ್ಕಿಂತ ಜೋರಾಗಿ ಓಡೋದು."

ಅಷ್ಟರಲ್ಲಿ ಹಾಲು ಉಕ್ಕಿತು. ಅತ್ತೆ ಅಡುಗೆಮನೆಗೆ ಓಡಿ, ಅಲ್ಲಿಂದಲೇ ಕೂಗಿದರು: "ಉಲ್ಟಾ ಏನ್ ಬಂತು? ನಮ್ಮನೇಲೂ ಒಳಗಿರೋಳೇ ತಾನೇ ಓಡೋದು!"