ನಾಲ್ಕು ಊರಿನ ನೀರು, ನಾಲ್ಕು ಲಡಿ ನೂಲು

ಕಳೆದ ವಾರ ಪಕ್ಕದ ಮನೆಯಾಕೆ ಮಗುವಿನ ಹೊಟ್ಟೆ ಕೆಟ್ಟಿತೆಂದು ದಾಳಿಂಬೆ ಸಿಪ್ಪೆ ಕುದಿಸುತ್ತಿದ್ದಳು. ಆ ಒಗರು ವಾಸನೆ ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬಂತು. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು, ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಈಗ ನನ್ನ ಮನೆ ಇರುವುದು ಲಕ್ಷ್ಮೇಶ್ವರದಲ್ಲಿ. ಆದರೆ ಆ ಗಳಿಗೆಯಲ್ಲಿ ನಾನು ಬೆಟಗೇರಿಯ ನಮ್ಮ ಹಿತ್ತಲಲ್ಲಿ, ಅಪ್ಪನ ಹಂಡೆಯ ಮುಂದೆ ನಿಂತಿದ್ದೆ. ಪಕ್ಕದಲ್ಲಿ ನಮ್ಮ ವಿಜ್ಞಾನದ ಸರ್ ಇದ್ದರು.

ಸರ್ ದಿನಾ ಶಿರಹಟ್ಟಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅಂಗಿಯ ತೋಳಿಗೆಲ್ಲ ಸುಣ್ಣದ ಕಡ್ಡಿಯ ಪುಡಿ. ಯಾರು ಏನು ಉತ್ತರ ಹೇಳಿದರೂ "ಯಾಕ?" ಅನ್ನುತ್ತಿದ್ದರು. ನಮ್ಮ ಹೈಸ್ಕೂಲಿನ ಹುಡುಗರೆಲ್ಲ ಅವರಿಗೆ 'ಯಾಕ್ ಸರ್' ಅಂತಲೇ ಹೆಸರಿಟ್ಟಿದ್ದರು. ಅವರ ಇನ್ನೊಂದು ಮಾತಿತ್ತು: "ಕಂಡದ್ದನ್ನ ಬರೀರಿ, ಬೇಕಾದ್ದನ್ನ ಬರೀಬ್ಯಾಡ್ರಿ." ಅದನ್ನು ನಾನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದುಕೊಂಡಿದ್ದೆ. ದಡ್ಡಿ ನಾನು.

ಗದಗ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಮೊದಲು ಧಾರವಾಡದಲ್ಲಿ ನಡೆಯುತ್ತಿದ್ದ ಜಿಲ್ಲಾ ವಿಜ್ಞಾನ ಪ್ರದರ್ಶನ ಈಗ ನಮ್ಮ ಮಗ್ಗುಲಿಗೇ ಬಂದಿತ್ತು. ನಾನು ಹತ್ತನೆಯ ಇಯತ್ತೆ. ಅಪ್ಪ ನೇಕಾರರ ನೂಲಿಗೆ ಬಣ್ಣ ಹಾಕುತ್ತಿದ್ದ. ಹೊಟ್ಟೆಪಾಡಿಗೆ ಅಂಗಡಿಯ ಪುಡಿ ಬಣ್ಣ. ಆದರೆ ಅಜ್ಜನ ಕಾಲದ ದಾಳಿಂಬೆ ಸಿಪ್ಪೆಯ ಬಣ್ಣವೂ ಅವನ ಕೈಯಲ್ಲಿತ್ತು. ಮಾತಿಗೆ ಮಾತು ಬಂದು ನಾನೊಮ್ಮೆ ತರಗತಿಯಲ್ಲಿ, ಬೋರಿನ ನೀರಿನಲ್ಲಿ ಸಿಪ್ಪೆ ಕುದಿಸಿದರೆ ನೂಲು ಹಳದಿಯಾಗುವುದಿಲ್ಲ, ಮಸಿ ಹಿಡಿದಂತಾಗುತ್ತದೆ ಎಂದೆ. ಸರ್ "ಯಾಕ?" ಅಂದರು. ನನಗೆ ಗೊತ್ತಿರಲಿಲ್ಲ. ಅವರು ಮೇಜು ಗುದ್ದಿ ನಕ್ಕು ಬಿಡಿಸಿ ಹೇಳಿದರು. ನೀರಿನಲ್ಲಿರುವ ಕಬ್ಬಿಣ, ಸಿಪ್ಪೆಯ ಒಗರು, ಎರಡೂ ಕೂಡಿದರೆ ಕಪ್ಪು. ಅದೇ ನಮ್ಮ ಪ್ರಯೋಗವಾಯಿತು: ನೂಲಿನಿಂದ ನೀರಿನ ಪರೀಕ್ಷೆ.

ಆದರೆ ಮನೆಯಲ್ಲಿ ಬೇರೆ ಲೆಕ್ಕ ನಡೆದಿತ್ತು. ಸೋದರಮಾವ ಒಂದು ಗಂಡು ನೋಡಿಟ್ಟಿದ್ದ. ನನಗೆ ಪಿಯುಸಿಯಲ್ಲಿ ವಿಜ್ಞಾನ ಓದಬೇಕೆಂಬ ಹುಚ್ಚು. ಸರ್ ತಾವಾಗಿಯೇ ನಮ್ಮ ಮನೆಗೆ ಬಂದು, ಅಪ್ಪನ ಮುಂದೆ ಚಾಪೆಯ ಮೇಲೆ ಕುಳಿತು, ಎರಡು ಲೋಟ ಚಹಾ ಮುಗಿಯುವವರೆಗೆ ನನ್ನ ಪರವಾಗಿ ಮಾತಾಡಿದರು.

"ಗದಗಿನ್ಯಾಗ ನಂಬರ ತಂದ್ರ ಕಾಲೇಜಿಗೆ ಹಚ್ಚತೇನ್ರಿ ಮಾಸ್ತರ. ಇಲ್ಲಂದ್ರ ನಮ್ಮ ಮಂದಿ ಬಾಯಿ ಮುಚ್ಚಸಾಕ ನನ್ನ ಕಡೆ ಆಗೂದಿಲ್ಲ" ಎಂದ ಅಪ್ಪ.

"ನನ್ನ ಮ್ಯಾಲೆ ಬಿಡ್ರಿ" ಎಂದರು ಸರ್.

ಬಿಟ್ಟೆವು. ಅಪ್ಪನೂ ಬಿಟ್ಟ, ನಾನೂ ಬಿಟ್ಟೆ.

ನಾಲ್ಕು ಊರಿನ ನೀರು ಕೂಡಿಸಿದೆವು. ಬೆಟಗೇರಿಯದು ನಮ್ಮ ಬಾವಿಯದು. ಲಕ್ಷ್ಮೇಶ್ವರದ ನೀರು ಸೋದರತ್ತೆಯ ಮನೆಯಿಂದ ಬಂತು. ಶಿರಹಟ್ಟಿಯದನ್ನು ಸರ್ ಕ್ಯಾನಿನಲ್ಲಿ ತಂದರು. ಮುಂಡರಗಿ ಕಡೆಯ ಬೋರಿನ ನೀರಿಗೆ ಒಂದು ರವಿವಾರ ತಾವೇ ಹೋಗಿ ಬಂದರು. ಕ್ಯಾನನ್ನು ಸೀಟಿನ ಮೇಲಿಟ್ಟದ್ದಕ್ಕೆ ಕಂಡಕ್ಟರ್, "ನೀರಿಗೂ ಟಿಕೀಟ ತಗೀರಿ ಸರ, ಆರಾಮ ಕುಂತೈತಿ" ಅಂದನಂತೆ. ಅದನ್ನು ಹೇಳಿ ಹೇಳಿ ನಗುತ್ತಿದ್ದರು... ಆ ನಗೆ ಒಳ್ಳೆಯ ಮನುಷ್ಯನ ನಗೆಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಅಪ್ಪ ಒಂದು ದಿನದ ಕೆಲಸ ನಿಲ್ಲಿಸಿ, ಬಿಳಿ ನೂಲಿನ ನಾಲ್ಕು ಲಡಿ ಕಟ್ಟಿ, ಬಣ್ಣ ಕಚ್ಚಲೆಂದು ಪಟಿಕದ ನೀರಿನಲ್ಲಿ ಅದ್ದಿ, ನಾಲ್ಕು ಊರಿನ ನೀರಿನಲ್ಲೂ ಸಿಪ್ಪೆ ಹಾಕಿ ಬೇರೆ ಬೇರೆ ಕುದಿಸಿದ. ಬೋರಿನ ನೀರಿನ ಲಡಿ ಅಲ್ಲಲ್ಲಿ ಕಪ್ಪಾಗಿ, ಅಲ್ಲಲ್ಲಿ ಹಸಿರು ತಿರುಗಿ, ನೋಡಲು ಕೊಳಕಾಗಿತ್ತು. ಉಳಿದ ಮೂರಕ್ಕೂ ಒಂದಕ್ಕೊಂದು ಕೂದಲೆಳೆಯಷ್ಟೇ ವ್ಯತ್ಯಾಸ. "ನೀರಿನ ಗುಣ ಇದ್ದಂಗ ಬರ್ತೈತಿ" ಎಂದ ಅಪ್ಪ. ಪ್ರದರ್ಶನದ ಹಿಂದಿನ ಮಧ್ಯಾಹ್ನ ಲಡಿಗಳನ್ನು ಸರ್ ಕೈಗೆ ಕೊಟ್ಟೆ.

ಮರುದಿನ ಗದಗಿನಲ್ಲಿ ನಮ್ಮ ಮೇಜಿನ ಮುಂದೆ ಹೋಗಿ ನಿಂತೆ. ದಾರಕ್ಕೆ ತೂಗುಬಿಟ್ಟಿದ್ದ ಲಡಿಗಳು ನಮ್ಮವಲ್ಲ. ತಿಳಿ ಹಳದಿ, ಗಟ್ಟಿ ಹಳದಿ, ಕಂದು, ಕಪ್ಪು. ಅಚ್ಚುಕಟ್ಟಾಗಿ, ಅಂಗಡಿಯಿಂದ ಈಗ ಬಿಚ್ಚಿದಂತೆ. ಬಿಚ್ಚಿದಂತೆ ಏನು, ಅಂಗಡಿಯವೇ.

"ನಮ್ಮವು ದೂರಿಂದ ಒಂದ ಥರ ಕಾಣತಿದ್ವು" ಎಂದರು ಸರ್, ನನ್ನ ಮುಖ ನೋಡದೆ. "ನೀ ಹೇಳೂದು ಖರೇನ ಐತಲ್ಲ, ನೂಲಷ್ಟ ಬ್ಯಾರೆ. ಸುಮ್ಮ ಹೇಳು."

ಹೇಳಿದೆ. ಗುರುಗಳು ಹೇಳು ಅಂದ ಮೇಲೆ ಹೇಳದೆ ಇರುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ. ತೀರ್ಪುಗಾರರು ತಲೆದೂಗಿದರು. ಮಧ್ಯಾಹ್ನಕ್ಕೆ ಮೊದಲ ಬಹುಮಾನವೆಂದು ಕೂಗಿದರು.

ಆಗಲೇ ಅಪ್ಪ ಬಂದ. ಒಂದು ದಿನವೂ ಶಾಲೆಯ ಕಟ್ಟೆ ಹತ್ತದವನು, ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಮೇಜಿನ ಹತ್ತಿರ ಬಂದು ಲಡಿ ಮುಟ್ಟಿದ. ಬಣ್ಣದವರ ರೂಢಿ ಅದು: ಹೆಬ್ಬೆರಳಿಗೆ ಎಂಜಲು ಹಚ್ಚಿ ನೂಲು ತಿಕ್ಕಿ ನೋಡುತ್ತಾರೆ. ಸಿಪ್ಪೆಯ ಬಣ್ಣ ಹಾಗೆ ಬಿಡುವುದಿಲ್ಲ; ಅಪ್ಪನ ಬೆರಳು ಹಳದಿಯಾಯಿತು. ಅಪ್ಪ ಬೆರಳನ್ನೇ ನೋಡುತ್ತ ನಿಂತ.

"ನಾವು ಹಾಕಿದ್ದ ಲಡಿ ಎಲ್ಲಿ ಅದಾವ್ರಿ ಮಾಸ್ತರ?" ಎಂದು ಮೆಲ್ಲಗೆ ಕೇಳಿದ. ಎರಡು ಹೆಜ್ಜೆ ಆಚೆ ನಮ್ಮ ಹೆಡ್‌ಮಾಸ್ತರರು ಅತಿಥಿಗಳ ಜೊತೆ ನಿಂತಿದ್ದರು. ಸರ್ ಅತ್ತ ನೋಡಿದರು, ಇತ್ತ ನೋಡಿದರು.

"ನನಗೇನ ಖಬರ ಇಲ್ರಿ. ಹುಡುಗಿ ಮನಿಯಿಂದ ಏನ ತಂದು ಕೊಟ್ಟಳೋ ಅದನ್ನ ಇಟ್ಟೇನಿ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಸರ್‌ಗೆ ಕೈಮುಗಿದು, ನನ್ನ ಕಡೆ ತಿರುಗಿಯೂ ನೋಡದೆ ಹೊರಟುಹೋದ. ಬಹುಮಾನ ಕೊಡುವ ಹೊತ್ತಿಗೆ ಸರ್ ನನ್ನ ಕಿವಿಯಲ್ಲಿ, "ಬಾಯಿ ಬಿಡಬ್ಯಾಡವಾ. ಸಂಜಿಮುಂದ ನಿಮ್ಮ ಮನಿಗೆ ಬಂದು ನಾನ ಎಲ್ಲಾ ಹೇಳ್ತೇನಿ" ಎಂದರು. ನಂಬಿದೆ.

ಆ ಸಂಜೆ ಹೊಸ್ತಿಲಲ್ಲಿ ಕುಳಿತೆ. ಶಿರಹಟ್ಟಿ ಬಸ್ಸಿನ ಹೊತ್ತಾಯಿತು, ಹೋಯಿತು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. "ಕಲೀಲಿ ಅಂತ ಕಳಿಸಿದ್ದೆ. ಇದನ್ನ ಕಲಿಯಾಕ ಕಾಲೇಜ ಯಾಕ ಬೇಕು?" ಎಂದು ಅವ್ವನಿಗೆ ಹೇಳಿದ, ನನಗೆ ಕೇಳಲೆಂದೇ. ನಾನಾಗಿಯೇ ಹೇಳಿಬಿಡಬಹುದಿತ್ತು. ಆದರೆ ಗುರುವನ್ನು ಸುಳ್ಳುಗಾರ ಎನ್ನುವುದು ಹೇಗೆ? ಅವರೇ ಬರುತ್ತಾರಲ್ಲ... ಮರುದಿನ ಶಾಲೆಯಲ್ಲಿ ಕೇಳಿದೆ, "ಇವತ್ತ ಬರ್ತೇನವಾ" ಎಂದರು. ಮುಂದಿನ ವಾರವೂ ಅದೇ. ಆಮೇಲೆ ನನ್ನನ್ನು ಕಂಡರೆ ಸ್ಟಾಫ್ ರೂಮಿನೊಳಗೆ ಹೋಗತೊಡಗಿದರು. ವರ್ಷದ ಕೊನೆಗೆ ಅವರಿಗೆ ವರ್ಗವಾಯಿತು. ಬೀಳ್ಕೊಡುವ ದಿನ ನನ್ನ ತಲೆಯ ಮೇಲೆ ಕೈಯಿಟ್ಟು "ಚೊಲೊ ಓದು" ಎಂದರು. ಆ ಕೈಯನ್ನು ಕಿತ್ತೊಗೆಯಬೇಕೆನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ಮದುವೆ. ಎಷ್ಟೋ ವರ್ಷದ ಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟಿ ಬಿ.ಎ. ಮಾಡಿದೆ. ವಿಜ್ಞಾನವನ್ನು ಹಾಗೆ ಮನೆಯಲ್ಲಿ ಕುಳಿತು ಕಟ್ಟಲು ಬರುವುದಿಲ್ಲ. ಅದಕ್ಕೆ ಕಾಲೇಜೇ ಬೇಕು, ಹದಿನಾರರ ವಯಸ್ಸೇ ಬೇಕು.

ಸರ್ ತೀರಿಕೊಂಡರೆಂದು ಎರಡು ತಿಂಗಳ ಹಿಂದೆ ಹಳೆಯ ಗೆಳತಿಯೊಬ್ಬಳು ಫೋನಿಗೆ ಸುದ್ದಿ ಹಾಕಿದಳು. ಕೆಳಗೆ ಎಲ್ಲರೂ ಎಂಥಾ ಪ್ರಾಮಾಣಿಕ ಗುರುಗಳು ಎಂದು ಬರೆದಿದ್ದರು. ನಾನು ಅತ್ತೆ. ಸಿಟ್ಟಿಗೂ ಅತ್ತೆ, ದುಃಖಕ್ಕೂ ಅತ್ತೆ. ನನ್ನ ತಲೆ ಚೆನ್ನಾಗಿದೆ ಎಂದು ಮೊದಲು ಹೇಳಿದವರು ಅವರು. ಅವರ ನಂತರ ಆ ಮಾತನ್ನು ಯಾರೂ ಹೇಳಲೂ ಇಲ್ಲ.

ಮೊನ್ನೆ ಬೆಟಗೇರಿಗೆ ಹೋಗಿದ್ದೆ. ಅಪ್ಪನಿಗೆ ಎಂಬತ್ತು, ಕಣ್ಣು ಮಂಜು. ಊಟವಾದ ಮೇಲೆ ಪಕ್ಕದಲ್ಲಿ ಕುಳಿತು, ಇಷ್ಟು ವರ್ಷ ನುಂಗಿಕೊಂಡದ್ದನ್ನು ಒಂದೂ ಬಿಡದೆ ಹೇಳಿದೆ. ಲಡಿ ಬದಲಿಸಿದ್ದು ನಾನಲ್ಲ, ಸರ್ ಎಂದೆ. ಅಪ್ಪ ಪೂರ್ತಿ ಕೇಳಿದ. ತಡಕಾಡಿ ನನ್ನ ಕೈ ಹಿಡಿದುಕೊಂಡ.

"ಸತ್ತವರ ಮ್ಯಾಲೆ ಹಾಕಬಾರದವಾ" ಎಂದ. "ಸಣ್ಣಾಕಿ ಇದ್ದಿ, ನಿನ್ನ ಕೈಲೆ ತಪ್ಪಾತು. ನಾ ಅದನ್ನ ಎಂದೋ ಮಾಫ ಮಾಡೇನಿ."